ನಾಲ್ಕು ಕೋಟಿ ಅಂಕೆಗಳನ್ನು ನಂಬುವುದು ಹೇಗೆ?

ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂಬುದನ್ನು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ತೋರಿಸಿಕೊಟ್ಟ. ಎಷ್ಟೇ ದೊಡ್ಡದನ್ನು ಹಿಡಿದರೂ ಅದಕ್ಕಿಂತ ದೊಡ್ಡದು ಇದ್ದೇ ಇರುತ್ತದೆ. ಕಷ್ಟವಿರುವುದು ‘ಇಗೋ, ಇದು’ ಎಂದು ಬೊಟ್ಟು ಮಾಡುವುದರಲ್ಲಿ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡುರಾಂಟ್ ಬೊಟ್ಟು ಮಾಡಿದ ಸಂಖ್ಯೆ ಇದು: 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ 1 ಕಳೆಯಬೇಕು. ಬರೆಯಲು ಕೂತರೆ 4,10,24,320 ಅಂಕೆಗಳು. ಆ ಎತ್ತರದಲ್ಲಿ ಸರಾಸರಿ ಒಂಬತ್ತೂವರೆ ಕೋಟಿ ಸಂಖ್ಯೆಗಳಿಗೊಂದು ಅವಿಭಾಜ್ಯ ಇರುತ್ತದೆ. ಅಂದರೆ ಇದಕ್ಕೂ 2018ರಲ್ಲಿ ಸಿಕ್ಕ ಹಿಂದಿನ ದಾಖಲೆಯ ಅವಿಭಾಜ್ಯಕ್ಕೂ ನಡುವೆ ಯಾರೂ ಗುರುತಿಸದ ಅವಿಭಾಜ್ಯಗಳು ಲೆಕ್ಕ ಮೀರಿ ಇವೆ. ಅವೆಲ್ಲವನ್ನೂ ಬಿಟ್ಟು ಇದು ಸಿಕ್ಕಿದ್ದಕ್ಕೆ ಕಾರಣ ಇದರ ರೂಪ. ಗಾತ್ರಕ್ಕೆ ಬೆರಗಾಗುವವರು ಈ ಮುಖ್ಯ ಸಂಗತಿಯನ್ನೇ ಮರೆಯುತ್ತಾರೆ.

ಎರಡರ ಘಾತದಿಂದ ಒಂದು ಕಳೆದ ಸಂಖ್ಯೆಗಳಿಗೆ ಹದಿನೇಳನೇ ಶತಮಾನದ ಫ್ರೆಂಚ್ ಪಾದ್ರಿ ಮರ್ಸೆನ್‌ನ ಹೆಸರಿದೆ. ಇಂಥ ಸಂಖ್ಯೆ ಅವಿಭಾಜ್ಯವಾಗಲು ಘಾತಾಂಕವೂ ಅವಿಭಾಜ್ಯವಾಗಿರಲೇಬೇಕು, ಆದರೆ ಅಷ್ಟೇ ಸಾಲದು: 11 ಇಟ್ಟರೆ ಬರುವ 2047, 23 ಮತ್ತು 89ರ ಗುಣಲಬ್ಧ. ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತ ಹೋದರೆ ನಾಲ್ಕು ಕೋಟಿ ಅಂಕೆಗಳ ಮುಂದೆ ಯಾವ ಕಂಪ್ಯೂಟರೂ ಸೋಲುತ್ತದೆ. ಮರ್ಸೆನ್ ಸಂಖ್ಯೆಗಳಿಗೆ ಮಾತ್ರ ಫ್ರಾನ್ಸಿನ ಲೂಕಾ ಆರಂಭಿಸಿ ಅಮೆರಿಕದ ಲೆಹ್ಮರ್ ತಿದ್ದಿಕೊಟ್ಟ ಒಂದು ಒಳದಾರಿಯಿದೆ. 4ರಿಂದ ಶುರು ಮಾಡಿ; ವರ್ಗ ಮಾಡಿ 2 ಕಳೆಯಿರಿ; ಪರೀಕ್ಷೆಗಿಟ್ಟ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಅದು ಅವಿಭಾಜ್ಯ, ಬಾರದಿದ್ದರೆ ಅಲ್ಲ. 31ನ್ನೇ ನೋಡಿ. ಘಾತಾಂಕ 5, ಆದ್ದರಿಂದ ಮೂರು ಸುತ್ತು: 4ರಿಂದ 14, 14ರಿಂದ 194, ಶೇಷ 8, 8ರಿಂದ 62, ಶೇಷ ಸೊನ್ನೆ. ಈ ವಿಧಾನದ ಮೊದಲ ರೂಪದಿಂದಲೇ ಲೂಕಾ 1876ರಲ್ಲಿ, ಕಂಪ್ಯೂಟರಿನ ಸುಳಿವೂ ಇಲ್ಲದ ಕಾಲದಲ್ಲಿ, ಘಾತಾಂಕ 127ರ 39 ಅಂಕೆಗಳ ಸಂಖ್ಯೆ ಅವಿಭಾಜ್ಯವೆಂದು ಸಾಧಿಸಿದ.

ಅಪವರ್ತನಗಳನ್ನು ಹುಡುಕದೆ ತೀರ್ಪು ಕೊಡುವುದೆಂದರೆ ಏನೋ ಕಣ್ಕಟ್ಟು ಎನಿಸಬಹುದು. ಘಾತಾಂಕ 67ರ ಸಂಖ್ಯೆಯನ್ನು ಮರ್ಸೆನ್ 1644ರಲ್ಲಿ ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದ. ಅದು ತಪ್ಪೆಂದು ಲೂಕಾ ತೋರಿಸಿದ, ಆದರೆ ಯಾವುದರಿಂದ ಭಾಗವಾಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ. 19,37,07,721 ಮತ್ತು 7,61,83,82,57,287 ಎಂಬ ಅಪವರ್ತನಗಳನ್ನು ಫ್ರ್ಯಾಂಕ್ ಕೋಲ್ ಮಂಡಿಸಿದ್ದು 1903ರಲ್ಲಿ. ತೀರ್ಪು ಸರಿಯಾಗಿಯೇ ಇತ್ತು, ಸಾಕ್ಷಿ ತಡವಾಯಿತು, ಅಷ್ಟೇ.

ಕೋಟಿಗಟ್ಟಲೆ ಸುತ್ತಿನಲ್ಲಿ ಯಂತ್ರ ಒಮ್ಮೆ ಎಡವಿದರೂ ಲೆಕ್ಕ ಕೆಡುತ್ತದೆ ಎಂಬ ಆಕ್ಷೇಪ ಇನ್ನೂ ಗಟ್ಟಿ. ಅದಕ್ಕೇ ಡುರಾಂಟ್ ಶೋಧದಲ್ಲಿ ಡಬ್ಲಿನ್‌ನ ಯಂತ್ರವೊಂದು ‘ಬಹುಶಃ ಅವಿಭಾಜ್ಯ’ ಎಂದದ್ದನ್ನು ಮರುದಿನ ಟೆಕ್ಸಾಸ್‌ನ ಮತ್ತೊಂದು ಯಂತ್ರ ಲೂಕಾ–ಲೆಹ್ಮರ್ ಪರೀಕ್ಷೆಗೆ ಹಚ್ಚಿತು. ಆಮೇಲೆ ಬೇರೆ ಬೇರೆ ತಂತ್ರಾಂಶಗಳಿಂದಲೂ ತಾಳೆ ನೋಡಲಾಯಿತು. ಇನ್ನು ಇದರಿಂದ ಏನು ಉಪಯೋಗ? ಬ್ಯಾಂಕ್ ವ್ಯವಹಾರದ ಗುಟ್ಟು ಕಾಯಲು ಎಂದು ಕೆಲವರು ಹೇಳಿಬಿಡುತ್ತಾರೆ. ಅದು ಸರಿಯಲ್ಲ: ಗೂಢಲಿಪಿಗೆ ಕೆಲವು ನೂರು ಅಂಕೆಗಳ, ಯಾರಿಗೂ ತಿಳಿಯದ ಅವಿಭಾಜ್ಯಗಳು ಬೇಕು, ಜಗಜ್ಜಾಹೀರಾದ ಈ ಸಂಖ್ಯೆ ಅಲ್ಲಿ ಕೆಲಸಕ್ಕೆ ಬಾರದು. ಉಪಯೋಗ ಒದಗಿದ್ದು ಯಾರೂ ಎಣಿಸದ ಕಡೆಯಿಂದ. ಈ ಶೋಧಕ್ಕೆಂದು 1996ರಿಂದ ಸ್ವಯಂಸೇವಕರು ಓಡಿಸುತ್ತಿರುವ ತಂತ್ರಾಂಶ ಪ್ರೊಸೆಸರ್‌ಗಳನ್ನು ಎಷ್ಟು ದುಡಿಸುತ್ತದೆಂದರೆ, 2016ರಲ್ಲಿ ಇಂಟೆಲ್‌ನ ಸ್ಕೈಲೇಕ್ ಚಿಪ್‌ನಲ್ಲಿ ಅಡಗಿದ್ದ ದೋಷವೊಂದು ಅದರ ಲೆಕ್ಕ ನಡೆಯುವಾಗಲೇ ಬಯಲಾಯಿತು.