ಹೃದಯಾಘಾತದ ನಂತರದ ಬದುಕು ಮತ್ತು ಬಡಿತಗಳ ನಡುವಣ ಅಂತರ: ಬಾಗಲಕೋಟೆ ಪರಿಸರವನ್ನು ಕುರಿತ ಒಂದು ವಿವೇಚನೆ

ಪೀಠಿಕೆ

ಇಳಕಲ್ಲಿನ ನೇಕಾರ, ಹುನಗುಂದದ ಎರೆಭೂಮಿಯ ರೈತ, ಬಾದಾಮಿಯ ಕಲ್ಲುಗುಡ್ಡಗಳ ಮಗ್ಗುಲಿನ ಕೂಲಿಕಾರ - ಇವರಲ್ಲಿ ಯಾರೇ ಹೃದಯಾಘಾತದಿಂದ ಚೇತರಿಸಿಕೊಂಡು ಬಾಗಲಕೋಟೆಯ ಆಸ್ಪತ್ರೆಯಿಂದ ಮನೆಗೆ ಮರಳಿದರೂ ಮನೆಮಂದಿಯ ಪ್ರಶ್ನೆ ಒಂದೇ: ಇನ್ನು ಮುಂದೆ ಹೇಗೆ? ಈ ಪ್ರಶ್ನೆಗೆ ವೈದ್ಯವಿಜ್ಞಾನವು ಕಂಡುಕೊಂಡ ಉತ್ತರಗಳಲ್ಲಿ ಹೃದಯ ಬಡಿತದ ವ್ಯತ್ಯಯಶೀಲತೆಯ ಅಧ್ಯಯನವೂ ಒಂದು. ಅದರ ಸ್ವರೂಪವನ್ನೂ ಮಿತಿಯನ್ನೂ ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ವ್ಯತ್ಯಯಶೀಲತೆ ಎಂದರೇನು?

ನಿಮಿಷಕ್ಕೆ 75 ಬಾರಿ ಬಡಿಯುವ ಹೃದಯದಲ್ಲಿ ಎರಡು ಬಡಿತಗಳ ನಡುವಣ ಸರಾಸರಿ ಅಂತರ 800 ಮಿಲಿಸೆಕೆಂಡು. ಆದರೆ ಆರೋಗ್ಯವಂತ ಹೃದಯವು ಗಡಿಯಾರದಂತೆ ಬಡಿಯುವುದಿಲ್ಲ. ಉಸಿರನ್ನು ಒಳಗೆಳೆದಾಗ ಅಂತರ ಕಿರಿದಾಗುತ್ತದೆ; ಹೊರಬಿಟ್ಟಾಗ ಹಿರಿದಾಗುತ್ತದೆ. ಸ್ವಾಯತ್ತ ನರವ್ಯೂಹದ ಅನುವೇದನಾ ಶಾಖೆಯು ಬಡಿತವನ್ನು ಚುರುಕುಗೊಳಿಸಿದರೆ, ವೇಗಸ್ ನರವು ಅದಕ್ಕೆ ಕಡಿವಾಣ ಹಾಕುತ್ತದೆ. ಈ ಎರಡರ ಹೊಂದಾಣಿಕೆಯೇ ಅಂತರದ ಏರಿಳಿತಕ್ಕೆ ಮುಖ್ಯ ಕಾರಣ.

ಹೃದಯಾಘಾತದಲ್ಲಿ ಸ್ನಾಯುವಿನ ಒಂದು ಭಾಗ ಸಾಯುವುದರ ಜೊತೆಗೆ ಈ ಹೊಂದಾಣಿಕೆಯೂ ಕೆಡುತ್ತದೆ. ವೇಗಸ್ ನರದ ಹಿಡಿತ ಸಡಿಲಗೊಂಡಾಗ ಬಡಿತವು ಏಕತಾನವಾಗುತ್ತದೆ. ಮಾರಕ ಲಯದೋಷಗಳಿಗೆ ಹೃದಯವು ಸುಲಭವಾಗಿ ತುತ್ತಾಗುತ್ತದೆ. ಇದನ್ನು ಅಳೆಯಲು ಹೋಲ್ಟರ್ ಉಪಕರಣದಿಂದ 24 ಗಂಟೆಗಳ ಇಸಿಜಿ ದಾಖಲಿಸಿ, ಸಹಜ ಬಡಿತಗಳ ಅಂತರಗಳಲ್ಲಿರುವ ಪ್ರಮಾಣಿತ ವಿಚಲನೆಯನ್ನು ಮಿಲಿಸೆಕೆಂಡುಗಳಲ್ಲಿ ಲೆಕ್ಕಹಾಕಲಾಗುತ್ತದೆ.

ಸಂಶೋಧನೆಗಳ ಸಾಕ್ಷ್ಯ

1987ರಲ್ಲಿ ಅಮೆರಿಕದ ಕ್ಲೈಗರ್ ಮತ್ತು ಸಹಸಂಶೋಧಕರು ಹೃದಯಾಘಾತದಿಂದ ಬದುಕುಳಿದ 808 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಈ ವಿಚಲನೆಯು 50 ಮಿಲಿಸೆಕೆಂಡಿಗಿಂತ ಕಡಿಮೆಯಿದ್ದವರಲ್ಲಿ ಸಾವಿನ ಅಪಾಯವು 100ಕ್ಕಿಂತ ಹೆಚ್ಚಿದ್ದವರ 5.3 ಪಟ್ಟಿನಷ್ಟಿತ್ತು. 1998ರಲ್ಲಿ 1,284 ರೋಗಿಗಳನ್ನು ಒಳಗೊಂಡ 'ಅಟ್ರಾಮಿ' ಅಧ್ಯಯನವು, ಹೃದಯದ ಪಂಪು ಶಕ್ತಿಯನ್ನು ಗಣನೆಗೆ ತೆಗೆದುಕೊಂಡ ಮೇಲೂ ಈ ಸೂಚಕಕ್ಕೆ ಸ್ವತಂತ್ರ ಮಹತ್ವವಿದೆಯೆಂದು ತೋರಿಸಿತು.

ಸೂಚಕದ ಮಿತಿ

ಅಪಾಯವನ್ನು ಗುರುತಿಸುವುದು ಬೇರೆ, ಅದನ್ನು ನಿವಾರಿಸುವುದು ಬೇರೆ. ಇತ್ತೀಚೆಗೆ ಹೃದಯಾಘಾತವಾಗಿ, ಪಂಪು ಶಕ್ತಿ ಕುಗ್ಗಿ, ಸ್ವಾಯತ್ತ ನಿಯಂತ್ರಣವೂ ಕೆಟ್ಟಿದ್ದ 674 ರೋಗಿಗಳನ್ನು 'ಡಿನಾಮಿಟ್' ಪ್ರಯೋಗದಲ್ಲಿ ಆರಿಸಿ, ಕೆಲವರಿಗೆ ಲಯ ಸರಿಪಡಿಸುವ ವಿದ್ಯುತ್ ಸಾಧನವನ್ನು ಅಳವಡಿಸಲಾಯಿತು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ ಲಯದೋಷದ ಸಾವುಗಳು ಕಡಿಮೆಯಾದರೂ ಒಟ್ಟು ಸಾವುಗಳು ತಗ್ಗಲಿಲ್ಲ.

ಇನ್ನೊಂದು ಎಚ್ಚರಿಕೆ ನಮ್ಮ ನಾಡಿನಿಂದಲೇ ಬಂದಿದೆ. ದೀರ್ಘಕಾಲ ಪೌಷ್ಟಿಕಾಂಶದ ಕೊರತೆಯಿದ್ದು ಉಳಿದಂತೆ ಆರೋಗ್ಯವಂತರಾಗಿದ್ದವರಲ್ಲಿಯೂ ಬಡಿತದ ವ್ಯತ್ಯಯಶೀಲತೆ ಕುಗ್ಗಿರುವುದನ್ನು ಬೆಂಗಳೂರಿನ ಸಂತ ಜಾನ್ ವೈದ್ಯಕೀಯ ಕಾಲೇಜಿನ ಮಾರಿಯೋ ವಾಜ್ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದರು. ಮಧುಮೇಹ ಮತ್ತು ಖಿನ್ನತೆಗಳಲ್ಲಿಯೂ ಅದು ಕಡಿಮೆಯಾಗುತ್ತದೆ. ಆದ್ದರಿಂದ ಅರೆಹೊಟ್ಟೆಯಲ್ಲಿ ದುಡಿಯುವ ಶ್ರಮಿಕನ ಅಂಕಿಯನ್ನು ಅಮೆರಿಕದ ಅಳತೆಗೋಲಿನಿಂದ ಮಾತ್ರ ಓದುವುದು ಸರಿಯಾಗದು. ಕೈಗಡಿಯಾರಗಳು ತೋರಿಸುವ ಅಲ್ಪಾವಧಿಯ ಅಂಕಿಗಳಿಗೂ 24 ಗಂಟೆಗಳ ಈ ಮಿತಿಗಳು ಅನ್ವಯಿಸುವುದಿಲ್ಲ.

ನಮ್ಮ ಪರಿಸರದಲ್ಲಿ

ಸಂತ ಜಾನ್ ಸಂಸ್ಥೆಯ ಡೆನಿಸ್ ಝೇವಿಯರ್ ಮತ್ತಿತರರು 2008ರಲ್ಲಿ ಪ್ರಕಟಿಸಿದ 'ಕ್ರಿಯೇಟ್' ಅಧ್ಯಯನವು ದೇಶದ 20,468 ರೋಗಿಗಳನ್ನು ಒಳಗೊಂಡಿತ್ತು. ನೋವು ಆರಂಭವಾಗಿ ಆಸ್ಪತ್ರೆ ತಲುಪುವವರೆಗಿನ ಮಧ್ಯಾಂಕ ಕಾಲ 360 ನಿಮಿಷ. 30 ದಿನಗಳೊಳಗಿನ ಮರಣ ಪ್ರಮಾಣವು ಶ್ರೀಮಂತರಲ್ಲಿ ಶೇ. 5.5, ಬಡವರಲ್ಲಿ ಶೇ. 8.2. ದೊರೆತ ಚಿಕಿತ್ಸೆಯ ವ್ಯತ್ಯಾಸವನ್ನು ಗಣಿಸಿದಾಗ ಈ ಅಂತರ ಉಳಿಯಲಿಲ್ಲ. ಅಂದರೆ ಬಡವನ ಭವಿಷ್ಯವನ್ನು ಬಡಿತಗಳ ನಡುವಣ ಅಂತರಕ್ಕಿಂತ ಮೊದಲೇ ಚಿಕಿತ್ಸೆಗೂ ಅವನಿಗೂ ನಡುವಣ ಅಂತರವು ನಿರ್ಧರಿಸಿರುತ್ತದೆ. ತಾಲೂಕು ಮಟ್ಟದಲ್ಲಿಯೇ ಇಸಿಜಿ ತೆಗೆದು ಹೆಪ್ಪು ಕರಗಿಸುವ ಚುಚ್ಚುಮದ್ದು ನೀಡುವ, 2023ರಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಮಹತ್ವ ಇರುವುದು ಇಲ್ಲಿಯೇ.

ಮನೆಗೆ ಮರಳಿದ ಮೇಲೆ ಔಷಧಗಳನ್ನು ತಪ್ಪಿಸದಿರುವುದು, ತಂಬಾಕು ತ್ಯಜಿಸುವುದು, ವೈದ್ಯರ ಸಲಹೆಯಂತೆ ದಿನವೂ ನಡೆಯುವುದು ಮುಖ್ಯ. ದೇಶದ 24 ಕೇಂದ್ರಗಳ 3,959 ರೋಗಿಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ 'ಯೋಗ-ಕೇರ್' ಪ್ರಯೋಗದಲ್ಲಿ ಯೋಗಾಧಾರಿತ ಪುನಶ್ಚೇತನವು ಸಾವು ಮೊದಲಾದ ಗಂಭೀರ ಘಟನೆಗಳನ್ನು ಗಣನೀಯವಾಗಿ ತಗ್ಗಿಸಲಿಲ್ಲ. ಆದರೆ ಹಿಂದಿನ ದುಡಿಮೆಗೆ ಮರಳಲು ನೆರವಾಯಿತು. ಮಗ್ಗವನ್ನೇ ನಂಬಿದ ಕುಟುಂಬಕ್ಕೆ ಇದು ಸಣ್ಣ ಲಾಭವಲ್ಲ.

ಉಪಸಂಹಾರ

ಬಡಿತದ ವ್ಯತ್ಯಯಶೀಲತೆಯು ಸಮೂಹದ ಅಪಾಯವನ್ನು ಸೂಚಿಸಬಲ್ಲದು. ವ್ಯಕ್ತಿಯ ಹಣೆಬರಹವನ್ನು ಹೇಳಲಾರದು. 2002ರಲ್ಲಿ ಬಾಗಲಕೋಟೆಯಲ್ಲಿ ಸ್ಥಾಪನೆಗೊಂಡ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನಂತಹ ಸಂಸ್ಥೆಗಳು ಈ ಭಾಗದ ನೇಕಾರರ, ಕೃಷಿಕರ ದೇಹಸ್ಥಿತಿಗೆ ಹೊಂದುವ ಸಹಜ ಮಾನಗಳನ್ನು ರೂಪಿಸಿದಲ್ಲಿ, ಮನೆಮಂದಿಯ ಆ ಪ್ರಶ್ನೆಗೆ ಈ ನೆಲದ್ದೇ ಆದ ಉತ್ತರ ದೊರೆತೀತು.