ಸೊನ್ನೆಯ ಬೆಲೆ

ಸೊನ್ನೆಗೆ ಬೆಲೆಯಿಲ್ಲವೆಂಬುದು ಲೋಕರೂಢಿಯ ಮಾತು. ಕ್ರಿಕೆಟ್ಟಿನಲ್ಲಿ ಸೊನ್ನೆಗೆ ಔಟಾದವನು ತಲೆ ತಗ್ಗಿಸಿಕೊಂಡೇ ಹಿಂದಿರುಗುತ್ತಾನೆ. ಆದರೆ ಅಮೆರಿಕನ್ನರ ನೆಚ್ಚಿನ ಬೇಸ್‌ಬಾಲ್ ಆಟದಲ್ಲಿ ಎದುರಾಳಿಯ ಹೆಸರಿನ ಮುಂದೆ ಸೊನ್ನೆ ಬರೆಯಿಸುವುದೇ ಚೆಂಡೆಸೆಯುವವನಿಗೆ, ಅಂದರೆ ಪಿಚರ್‌ಗೆ, ಪರಮ ಗೌರವ. ಇದನ್ನು ‘ಷಟ್‌ಔಟ್’ ಎನ್ನುತ್ತಾರೆ. ಬಂದವರನ್ನು ಹೊಸ್ತಿಲಾಚೆಯೇ ನಿಲ್ಲಿಸಿ ಬಾಗಿಲು ಹಾಕಿದಂತೆ.

ಆಟದ ಕ್ರಮ ಸರಳ. ಒಂದು ಪಂದ್ಯಕ್ಕೆ 9 ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸಿನಲ್ಲಿಯೂ ಎರಡು ತಂಡಗಳು ಸರದಿಯಂತೆ ಬ್ಯಾಟು ಹಿಡಿಯುತ್ತವೆ; ಮೂವರು ಔಟಾದರೆ ಸರದಿ ಮುಗಿಯಿತು. ಆಟಗಾರನು ಮೂರು ನೆಲೆಗಳನ್ನು ಸುತ್ತಿ, ಹೊರಟ ಮನೆಗೇ ಮರಳಿದರೆ ಒಂದು ಓಟ. ಒಂದು ಓಟವನ್ನೂ ಕೊಡದಿರುವುದು ಷಟ್‌ಔಟ್. ಅದಕ್ಕಿಂತಲೂ ದುರ್ಲಭವಾದ ಸಿದ್ಧಿಯೊಂದುಂಟು: ಎದುರಾಳಿಗಳಲ್ಲಿ ಒಬ್ಬನೂ ತನ್ನ ಹೊಡೆತದ ಬಲದಿಂದ ಮೊದಲ ನೆಲೆಯನ್ನು ಕೂಡ ಮುಟ್ಟದಂತೆ ತಡೆಯುವುದು. ಅದು ‘ನೋ-ಹಿಟರ್’.

1917ರ ಮೇ 2. ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿದು ಇನ್ನೂ ತಿಂಗಳು ತುಂಬಿರಲಿಲ್ಲ. ಷಿಕಾಗೋ ನಗರದ ವೀಗ್‌ಮನ್ ಪಾರ್ಕಿನಲ್ಲಿ—ಇಂದು ರಿಗ್ಲಿ ಫೀಲ್ಡ್ ಎಂದು ಪ್ರಸಿದ್ಧವಾದ ಮೈದಾನವದು—ಷಿಕಾಗೋ ಕಬ್ಸ್ ಮತ್ತು ಸಿನ್ಸಿನಾಟಿ ರೆಡ್ಸ್ ತಂಡಗಳು ಎದುರಾದವು. ಕಬ್ಸ್ ಪರವಾಗಿ ಎಸೆಯಲು ಬಂದವನು ಎಡಗೈ ಪಿಚರ್ ಜಿಮ್ ವಾನ್. ಆತನ ಭಾರೀ ದೇಹವನ್ನು ನೋಡಿ ಜನ ಪ್ರೀತಿಯಿಂದ ‘ಹಿಪ್ಪೋ’ ಎಂದು, ಅಂದರೆ ನೀರಾನೆಯೆಂದು ಕರೆಯುತ್ತಿದ್ದರು. ರೆಡ್ಸ್ ಪರವಾಗಿ ಬಲಗೈ ಪಿಚರ್ ಫ್ರೆಡ್ ಟೋನಿ.

ಒಂಬತ್ತು ಇನ್ನಿಂಗ್ಸ್ ಕಳೆದವು. ಎರಡು ಕಡೆಯೂ ಓಟವಿಲ್ಲ. ಅಷ್ಟೇ ಅಲ್ಲ, ಎರಡು ಕಡೆಯೂ ಒಂದೇ ಒಂದು ಹಿಟ್ ಇಲ್ಲ. ಅಗ್ರಶ್ರೇಣಿಯ ಬೇಸ್‌ಬಾಲ್ ಇತಿಹಾಸದಲ್ಲಿ ಒಂಬತ್ತು ಇನ್ನಿಂಗ್ಸ್ ಹೀಗೆ ಮುಗಿದ ಪಂದ್ಯ ಇದೊಂದೇ.

ಹತ್ತನೆಯ ಇನ್ನಿಂಗ್ಸಿನಲ್ಲಿ ರೆಡ್ಸ್‌ನ ಲ್ಯಾರಿ ಕೋಫ್ ಪಂದ್ಯದ ಮೊದಲ ಹಿಟ್ ಹೊಡೆದನು. ಬಳಿಕ ಹ್ಯಾಲ್ ಚೇಸ್ ಹೊಡೆದ ಚೆಂಡು ಕಬ್ಸ್‌ನ ಸೈ ವಿಲಿಯಮ್ಸನ ಕೈಗೆ ಬಂದೂ ಜಾರಿತು. ಕೋಫ್ ಮೂರನೆಯ ನೆಲೆಗೆ ತಲುಪಿದನು. ಆಗ ಬ್ಯಾಟು ಹಿಡಿದವನು ಜಿಮ್ ಥಾರ್ಪ್. ಅವನ ಹೊಡೆತವೇನೂ ಭರ್ಜರಿಯದಲ್ಲ. ಚೆಂಡು ನೆಲದ ಮೇಲೆ ತೆವಳುತ್ತ ಹೋಯಿತು. ವಾನ್ ಓಡಿ ಅದನ್ನೆತ್ತಿ ಮನೆಯ ಕಡೆಗೆ ಎಸೆದನು. ಅದನ್ನು ನಿರೀಕ್ಷಿಸದಿದ್ದ ಕ್ಯಾಚರ್‌ಗೆ ಚೆಂಡು ಹಿಡಿತಕ್ಕೆ ಸಿಗಲಿಲ್ಲ. ಕೋಫ್ ಮನೆ ಸೇರಿದನು. ಕಬ್ಸ್‌ನ ಸರದಿಯಲ್ಲಿ ಟೋನಿ ಮತ್ತೆ ಹಿಟ್ ಕೊಡಲಿಲ್ಲ. ಫಲಿತಾಂಶ 1–0. ಟೋನಿಗೆ ಷಟ್‌ಔಟ್, ಅದರ ಜೊತೆಗೆ ನೋ-ಹಿಟರ್.

ವಾನ್ ಸೋತನು, ನಿಜ. ಆದರೂ ಅವನ ಒಂಬತ್ತು ಇನ್ನಿಂಗ್ಸ್‌ಗಳನ್ನು ನೋ-ಹಿಟರ್ ಎಂದೇ ಎಣಿಸಿ, ಈ ಪಂದ್ಯವನ್ನು ‘ಜೋಡಿ ನೋ-ಹಿಟರ್’ ಎಂದು ಕೊಂಡಾಡುತ್ತಿದ್ದರು. ವಾನ್ 1966ರಲ್ಲಿ ತೀರಿಕೊಂಡನು. 1991ರಲ್ಲಿ ಬೇಸ್‌ಬಾಲಿನ ಅಧಿಕಾರಸ್ಥರು ಹೊಸ ವ್ಯಾಖ್ಯೆಯೊಂದನ್ನು ವಿಧಿಸಿದರು: ಪಂದ್ಯ ಕೊನೆ ಮುಟ್ಟುವವರೆಗೂ ಹಿಟ್ ಇರಕೂಡದು. ಹತ್ತನೆಯ ಇನ್ನಿಂಗ್ಸಿನ ಹಿಟ್‌ಗಳಿಂದಾಗಿ ವಾನನ ಸಾಧನೆ, ಅವನು ಸತ್ತು 25 ವರ್ಷಗಳಾದ ಮೇಲೆ, ಅಧಿಕೃತ ಪಟ್ಟಿಯಿಂದ ಹೊರಬಿದ್ದಿತು.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆ ದಿನದ ಗೆಲುವಿನ ಹೊಡೆತ ಹೊಡೆದ ಥಾರ್ಪ್ ಮೂಲನಿವಾಸಿ ಜನಾಂಗದವನು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದವನು. ಅದಕ್ಕೂ ಮುಂಚೆ ಹಣ ಪಡೆದು ಬೇಸ್‌ಬಾಲ್ ಆಡಿದ್ದನೆಂಬ ಕಾರಣಕ್ಕೆ 1913ರಲ್ಲಿ ಆ ಪದಕಗಳನ್ನು ಕಿತ್ತುಕೊಂಡಿದ್ದರು. ಅವನು ಸತ್ತದ್ದು 1953ರಲ್ಲಿ. ಏಕೈಕ ವಿಜೇತನೆಂಬ ಮನ್ನಣೆ ಪೂರ್ಣವಾಗಿ ಹಿಂದಿರುಗಿದ್ದು 2022ರಲ್ಲಿ.

ಒಬ್ಬನದನ್ನು ದಾಖಲೆ ಅಳಿಸಿತು, ಇನ್ನೊಬ್ಬನದನ್ನು ಮತ್ತೆ ಬರೆಯಿತು. ಎರಡನ್ನೂ ಕಾಣಲು ಅವರಿಬ್ಬರೂ ಇರಲಿಲ್ಲ. ಕಬ್ಸ್‌ನ ಹೆಸರಿನ ಮುಂದಿನ ಸೊನ್ನೆ ಮಾತ್ರ ಇಂದಿಗೂ ಹಾಗೆಯೇ ಇದೆ. ಅದನ್ನು ಬರೆಯಿಸಿದವನು ಟೋನಿ. ಆದರೆ ಆ ಸೊನ್ನೆಗೆ ಇಷ್ಟೊಂದು ಬೆಲೆ ತಂದುಕೊಟ್ಟವನು, ಒಂಬತ್ತು ಇನ್ನಿಂಗ್ಸ್ ಅವನಿಗೆ ಸರಿಸಮನಾಗಿ ನಿಂತ ವಾನ್.