ದಿಬ್ಬದ ಮೇಲಿನ ಟ್ರ್ಯಾಕ್ಟರ್

ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆ ಹೋಗುವಾಗ ಹಳ್ಳಿಗಳಲ್ಲಿ ಹಳೇ ಟ್ರ್ಯಾಕ್ಟರ್‌ಗಳು ಎಲ್ಲಿ ನಿಂತಿವೆ ನೋಡಿ. ಮನೆ ಮುಂದೆ ಸಮತಟ್ಟು ಜಾಗವಿದ್ದರೂ ಯಾವುದೋ ದಿಬ್ಬದ ಮೇಲೆ, ಮೂತಿ ಇಳಿಜಾರಿಗಿಟ್ಟು, ಗಾಲಿಗೆ ಕಲ್ಲು ಕೊಟ್ಟಿರುತ್ತಾರೆ. ಬೆಳಿಗ್ಗೆ ಕಲ್ಲು ಎಳೆದು, ಗಾಡಿ ಉರುಳತೊಡಗಿದ ಮೇಲೆ ಗೇರಿನಲ್ಲಿ ಕ್ಲಚ್ ಬಿಟ್ಟರೆ, ಬಿಳಿ ಹೊಗೆ ಉಗುಳುತ್ತಾ ಎಂಜಿನ್ ಎದ್ದೇಳುತ್ತದೆ. ಬ್ಯಾಟರಿ ಸತ್ತಿದೆ ಅಂದುಕೊಂಡಿದ್ದೆ. ಮೆಕ್ಯಾನಿಕ್ ಒಬ್ಬ ಓಡುತ್ತಿದ್ದ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿದ. ಬುಸ್ ಬುಸ್ ಎಂದು ಹೊಗೆ. 'ಕಂಪ್ರೆಷನ್ ಹೋಗೈತೆ ಸಾ, ಬೋರ್ ಮಾಡಿಸ್ಬೇಕು.'

ಡೀಸೆಲ್ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಇಲ್ಲ. ಸಿಲಿಂಡರ್ ತುಂಬಿದ ಗಾಳಿಯನ್ನು ಪಿಸ್ಟನ್ ಹದಿನೇಳರಲ್ಲೊಂದು ಪಾಲಿಗೆ ಒತ್ತಿದಾಗ ಏಳುವ ಕಾವೇ ಅದರ ಬೆಂಕಿಕಡ್ಡಿ. ಆ ಒತ್ತುವಿಕೆಯೇ ಕಂಪ್ರೆಷನ್. ಪಿಸ್ಟನ್ನಿನ ರಿಂಗ್ ಸವೆದು ಗಾಳಿ ಸೋರಿದರೆ ಕಡ್ಡಿ ಗೀರುವುದೇ ಇಲ್ಲ. ಪೆಟ್ರೋಲ್ ಎಂಜಿನ್ ಸವೆದರೆ ಬಲ ಕುಗ್ಗುತ್ತದೆ. ಡೀಸೆಲ್ಲಿನದು ಸವೆದರೆ ಬೆಳಗಿನ ಚಳಿಗೆ ಏಳುವುದೇ ಕಷ್ಟ. ಅದಕ್ಕೇ ಆ ದಿಬ್ಬ.

ಒಂದೇ ಟ್ರ್ಯಾಕ್ಟರ್ ಮೂರು ಇಂಧನಕ್ಕೆ ಮೂರು ವೇಷ ಹಾಕಿದ್ದು ನೋಡಬೇಕಾದರೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ ಬೂದು ಬಣ್ಣದ ಫರ್ಗೂಸನ್ ಟಿಇ-20ಯನ್ನು ನೋಡಬೇಕು. ಪೆಟ್ರೋಲಿನದಕ್ಕೆ ಕಂಪ್ರೆಷನ್ ಸುಮಾರು ಆರಕ್ಕೆ ಒಂದು. 1949ರಲ್ಲಿ ಬಂದ, ಸೀಮೆಎಣ್ಣೆ ಜಾತಿಯ ಅಗ್ಗದ ಇಂಧನದ ಮಾದರಿಗೆ ಅದು ಐದರೊಳಗೆ. 1951ರ ಡೀಸೆಲ್‌ಗೆ ಹದಿನೇಳು.

ಸೀಮೆಎಣ್ಣೆಗೆ ಯಾಕೆ ಇಷ್ಟು ಕಡಿಮೆ? ಅದಕ್ಕೆ ಒತ್ತಡ ತಡೆಯುವ ಶಕ್ತಿಯಿಲ್ಲ. ಜಾಸ್ತಿ ಒತ್ತಿದರೆ ಹೊತ್ತಲ್ಲದ ಹೊತ್ತಿಗೆ ಸಿಡಿದು ಎಂಜಿನ್ ಟಕಟಕ ಬಡಿಯುತ್ತದೆ. ಅದರ ಚಾಳಿ ನಮ್ಮವರಿಗೆ ಹೊಸದಲ್ಲ: ಕೆರೆ, ಹಳ್ಳದ ನೀರೆತ್ತುತ್ತಿದ್ದ ಸೀಮೆಎಣ್ಣೆ ಪಂಪ್‌ಸೆಟ್ಟನ್ನು ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಿದ್ದರು. ತಣ್ಣಗಿರುವಾಗಲೇ ತಿರುಗಿಸಿದರೆ ಉರಿಯದ ಎಣ್ಣೆ ಕೆಳಗಿಳಿದು ಎಂಜಿನ್ ಆಯಿಲನ್ನು ನೀರು ಮಾಡುತ್ತದೆ. ಆ ಬೂದು ಟ್ರ್ಯಾಕ್ಟರಿನ ಕಥೆಯೂ ಅದೇ.

ನಮ್ಮ ಹೊಲಕ್ಕೆ ಹೆಚ್ಚಾಗಿ ಬಂದದ್ದು ಅದರ ಡೀಸೆಲ್ ಸಂತಾನ. 1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಟ್ಯಾಫೆ ಕಂಪನಿಯ ಮ್ಯಾಸಿ ಫರ್ಗೂಸನ್ 1035 ಆ ವಂಶದ್ದೇ.

ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಪುಟ್ಟ ಡೀಸೆಲ್ ಎಂಜಿನ್ ಒಂದು ಓಡಿದ್ದು ಶೇಂಗಾ ಎಣ್ಣೆಯಲ್ಲಿ! ಕಿಡಿ ಬೇಡ, ಕಾವು ಸಾಕು ಎನ್ನುವ ಎಂಜಿನ್ನಾದ್ದರಿಂದಲೇ ಅದು ಸಾಧ್ಯವಾಯಿತು. ಹಾಗಂತ ಗಾಣದಿಂದ ಕ್ಯಾನ್ ತಂದು ಟ್ಯಾಂಕಿಗೆ ಸುರಿಯಬೇಡಿ. ರೇಟು ಡೀಸೆಲ್ಲಿಗಿಂತ ಜಾಸ್ತಿ ಅನ್ನುವುದು ಒತ್ತಟ್ಟಿಗಿರಲಿ. ಎಣ್ಣೆ ಮಂದ, ನಾಜಲ್ಲಿನ ಕೂದಲೆಳೆಯಂಥ ತೂತಿನಿಂದ ಸಣ್ಣ ಹನಿಯಾಗಿ ಚಿಮ್ಮುವುದಿಲ್ಲ. ಅರೆಬರೆ ಉರಿದು ಮಸಿ ಕಟ್ಟುತ್ತದೆ, ರಿಂಗ್ ಅಂಟಿಕೊಳ್ಳುತ್ತದೆ, ಕಂಪ್ರೆಷನ್ ಹೋಗುತ್ತದೆ. ಮತ್ತೆ ದಿಬ್ಬ ಹುಡುಕಬೇಕು.